ಎರಡು ವಿಷಲ್ ಆದ ಮೇಲೆ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಸ್ಟೇರಿಂಗಪ್ಪನಿಗೆ,

ನಿನ್ನ ಪೀಪಿಯ ನಮಸ್ಕಾರ. ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಹಲ್ಲು ಕಡಿಯುತ್ತಿರುತ್ತೀಯ, ಗೊತ್ತು. ನಮ್ಮ ಬಸ್ಸೇ ಯಾವತ್ತೂ ಹೊತ್ತಿಗೆ ಸರಿಯಾಗಿ ಬರಲಿಲ್ಲ, ಇನ್ನು ಕಂಡಕ್ಟರನ ಪತ್ರ ಬರುತ್ತದೆಯೇ? ಈ ಸಲಕ್ಕೆ ಹೊಟ್ಟೆಗೆ ಹಾಕಿಕೋ.

ನಿನ್ನೆ ನಿನ್ನ ಮಗಳು ಫೋನ್ ಮಾಡಿದ್ದಳು. ಸ್ಟೆಂಟ್ ಹಾಕಿಸಿಕೊಂಡು ಮೂರು ತಿಂಗಳಾದರೂ, ನಡೆಯಿರಿ ಎಂದು ಅವಳ ಊರಿನ ಡಾಕ್ಟರು ಎಷ್ಟು ಹೇಳಿದರೂ, ನೀನು ಅವಳ ಮನೆಯ ಕಿಟಕಿ ಪಕ್ಕದ ಕುರ್ಚಿಗೆ ಅಂಟಿಕೊಂಡಿದ್ದೀಯಂತೆ. ಸಕ್ಕರೆ ಬೇರೆ ಏರಿದೆಯಂತೆ. “ನಡೆದ್ರೆ ಎದೆ ನಿಂತುಹೋಗುತ್ತೆ ಅಂತಾರೆ ಅಪ್ಪ. ನೀವಾದ್ರೂ ಹೇಳಿ ಮಾವ” ಎಂದು ಅತ್ತಳು. ನನಗೆ ಸಿಟ್ಟು ಬಂತು ಕಣಯ್ಯಾ. ಇಷ್ಟು ವರ್ಷ ಒಂದೇ ಗಾಡಿಯಲ್ಲಿ ದುಡಿದವನಿಗೆ ಅಷ್ಟು ಹಕ್ಕಿದೆ.

ಹಳೆಯದೆಲ್ಲ ನೆನಪಾಗುತ್ತಿದೆ. ನಾನು ದಿನವಿಡೀ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ನಡೆಯುತ್ತಿದ್ದೆ, ಸ್ಟೇರಿಂಗ್ ಹಿಡಿದ ನೀನು ಸೀಟು ಬಿಟ್ಟು ಏಳುತ್ತಿರಲಿಲ್ಲ. ಸಕ್ಕರೆ ಕಾಯಿಲೆ ನಿನಗೆ ಮೊದಲು ಬಂದಾಗ, ಕೂತು ಉಂಡವನಿಗೆ ಇನ್ನೇನಾಗುತ್ತದೆ ಎಂದು ಗೇಲಿ ಮಾಡಿದ್ದೆ. ನಿವೃತ್ತನಾಗಿ ನಾನೂ ಕೂತೆ ನೋಡು, ನನ್ನನ್ನೂ ಹಿಡಿಯಿತು. ನಿಮ್ಮಂಥವರ ಹೃದಯಕ್ಕೆ ಮಾತ್ರೆಯ ಜೊತೆ ನಡಿಗೆಯೂ ಬೇಕು ಎಂದು ನಮ್ಮೂರ ಡಾಕ್ಟರಮ್ಮ ಇಬ್ಬರನ್ನೂ ಒಟ್ಟಿಗೆ ಗದರಿಸಿದರು.

ನಡೆದೆವಲ್ಲ, ಬೇರೆ ದಾರಿಯೇ ಇಲ್ಲದವರ ಹಾಗೆ ನಮ್ಮ ಹಳೆಯ ರೂಟಿನಲ್ಲೇ. ಡಿಪೋ ಗೇಟು, ಗಡಿಯಾರದಂಗಡಿಯ ತಿರುವು, ಹುಡುಗಿಯರ ಶಾಲೆ, ಸೇತುವೆ. ಪ್ರತಿ ಸ್ಟಾಪಿನಲ್ಲೂ ನಿನ್ನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ನಾನು ಜೇಬಿನಿಂದ ಹಳೆಯ ವಿಷಲ್ ತೆಗೆದು ಎರಡು ಸಲ ಊದುವವರೆಗೆ ಕದಲುತ್ತಿರಲಿಲ್ಲ. ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ಕಾರಣ ಕೇಳಿ ಡಾಕ್ಟರಮ್ಮ ತಲೆ ಚಚ್ಚಿಕೊಂಡರು. “ಹೀಗೆ ನಿಂತು ನಿಂತು ಹೋದ್ರೆ ವ್ಯಾಯಾಮ ಎಲ್ಲಾಗುತ್ತೆ? ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು, ಅಷ್ಟು ಬಿರುಸಾಗಿ ನಡೀರಿ.”

ನೀನು ಮುಖ ಗಂಟಿಕ್ಕಿಕೊಂಡು, “ಹಾಗಾದ್ರೆ ನಾಳೆಯಿಂದ ಎಕ್ಸ್‌ಪ್ರೆಸ್ ಬೋರ್ಡ್ ಹಾಕ್ತೀವಮ್ಮ” ಎಂದೆ.

ಆ ಬೆಳಿಗ್ಗೆಗಳ ಸುಖ ಮತ್ತೆ ಸಿಗಲಿಲ್ಲ. ಸಕ್ಕರೆ ತೀರಾ ಇಳಿದರೆ ಇರಲಿ ಎಂದು ಪೆಪ್ಪರಮಿಂಟು ಇಟ್ಟುಕೊಂಡರೆ, ನೀನು ಸುಮ್ಮಸುಮ್ಮನೆ ಚೀಪುತ್ತಿದ್ದೆ, ಕಳ್ಳ.

ಅಷ್ಟು ನಡೆದೂ ಹಾರ್ಟ್ ಅಟ್ಯಾಕ್ ಬಂತಲ್ಲ ಎಂದು ಮಗಳೊಡನೆ ವಾದ ಹೂಡಿದ್ದೀಯಂತೆ. ಡಾಕ್ಟರಮ್ಮನನ್ನೇ ಕೇಳಿದೆ. ನಡೆದದ್ದರಿಂದಲೇ ಹೃದಯ ಅಷ್ಟಾದರೂ ತಡೆದುಕೊಂಡಿರಬೇಕು ಎಂದರು. ಈಗ ಎಕ್ಸ್‌ಪ್ರೆಸ್ ಬೇಡ. ಬೂಟು ಹಾಕಿಕೊಂಡು ಗೇಟಿನ ತನಕ ಹೋಗಿ ಬಾ, ನಾಳೆ ಇನ್ನೊಂದಿಷ್ಟು. ಎದೆ ಹಿಡಿದಂತಾದರೆ ನಿಂತು ಮಗಳನ್ನು ಕೂಗು. ಸಂಜೆ ಪಾದದಲ್ಲಿ ಗಾಯವಾಗಿದೆಯೇ ನೋಡಿಕೋ.

ಮಗಳಿಗೂ ಮೊಮ್ಮಗುವಿಗೂ ನನ್ನ ಆಶೀರ್ವಾದ. ನಿನಗೆ ಬೈಗುಳ, ಮತ್ತು ಪ್ರೀತಿ.

ಇಂತಿ ನಿನ್ನ,
ಪೀಪಿ

ತಾ.ಕ.: ತಡವಾದದ್ದರ ನಿಜವಾದ ಕಾರಣ ಬರೆಯಬಾರದೆಂದಿದ್ದೆ, ಮನಸ್ಸು ಕೇಳಲಿಲ್ಲ. ಆಸ್ಪತ್ರೆಯಲ್ಲಿದ್ದೆ. ನೀನು ಮಗಳ ಊರಿಗೆ ಹೋದ ಮೇಲೆ ನಾನೂ ನಡೆಯುವುದು ಬಿಟ್ಟೆ. ಯಾರಿಗೆ ಅಂತ ವಿಷಲ್ ಊದಲಿ? ಸುಸ್ತು ಎಂದು ತೋರಿಸಲು ಹೋದರೆ ಇಸಿಜಿ ತೆಗೆದರು. ನಿಮಗೂ ಒಂದು ಅಟ್ಯಾಕ್ ಆಗಿಹೋಗಿದೆ, ಎದೆನೋವು ಬಂದದ್ದು ಯಾವತ್ತು ಎಂದು ಡಾಕ್ಟರಮ್ಮ ಕೇಳಿದರು. ಬರಲೇ ಇಲ್ಲವಲ್ಲ ಎಂದೆ. ಸಕ್ಕರೆ ಇರುವ ಕೆಲವರಿಗೆ ನೋವು ತಿಳಿಯುವುದೇ ಇಲ್ಲವಂತೆ. ಬೆವರು, ಏದುಸಿರು, ಅಷ್ಟೇ ಅಂತೆ.

ಆಗ ಹೊಳೆಯಿತು. ಮಗಳು ನಿನ್ನನ್ನು ಬಸ್ಸು ಹತ್ತಿಸಿಕೊಂಡು ಹೋದ ದಿನ, ಬಸ್ಸು ತಿರುವು ದಾಟಿದ್ದೇ ತಡ, ನನ್ನ ಅಂಗಿಯೆಲ್ಲ ಒದ್ದೆಯಾಗಿ, ಉಸಿರು ಸಿಗದೆ, ಸ್ಟಾಪಿನ ಬೆಂಚಿನ ಮೇಲೆ ಕುಸಿದು ಕೂತಿದ್ದೆ. ನೀನು ಹೋದ ಸಂಕಟ ಎಂದುಕೊಂಡು, ಮುಖ ಒರೆಸಿಕೊಂಡು ಮನೆಗೆ ಬಂದೆ.

ನನಗೂ ಮೆಲ್ಲಗೆ ನಡೆಯಲು ಹೇಳಿದ್ದಾರೆ. ಈ ಪತ್ರ ತಲುಪಿತೆಂದು ಮಗಳಿಂದ ತಿಳಿದ ಮರುದಿನ ಬೆಳಿಗ್ಗೆ ಫೋನ್ ಮಾಡುತ್ತೇನೆ. ಎರಡು ವಿಷಲ್ ಕೇಳಿಸಿದ ಕೂಡಲೇ ಕುರ್ಚಿ ಬಿಟ್ಟು ಏಳು. ನೀನು ಹೊರಡದೆ ನಾನು ಇಲ್ಲಿ ಹೊಸ್ತಿಲು ದಾಟುವುದಿಲ್ಲ.