ಫೋನು ತೋರಿಸಿದ ಮುಖ

ಅಮ್ಮಾ,

ನಾನು ಚೆನ್ನಾಗಿದ್ದೇನೆ, ಮೊದಲು ಅದನ್ನು ಓದಿಕೋ. ಇದು ಫೋನಿನಲ್ಲಿ ಹೇಳುವ ಮಾತಲ್ಲ, ಅದಕ್ಕೇ ಕಾಗದ ಬರೆದು ಚಿಕ್ಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ.

ಮೊನ್ನೆ ಒಂದು ಫೋಟೊ ಕಳಿಸಿ, "ಇವರು ನಿಮಗೆ ಗೊತ್ತಿರಬಹುದು ಅಂತ ಫೋನು ತೋರಿಸ್ತಿದೆ. ಯಾರೇ ಈ ಮೀಸೆಯವನು? ನೀನೇ ನೋಡಿಕೊಂಡಿರೋ ಹುಡುಗನಾ?" ಎಂದು ಕೇಳಿದ್ದೆಯಲ್ಲ. ಅಲ್ಲಮ್ಮ. ನಾವು ನರ್ಸ್‌ಗಳೆಲ್ಲ ಸೇರಿ ಸಂಘ ಕಟ್ಟಿದಾಗಿನಿಂದ ಆಸ್ಪತ್ರೆಯ ಗೇಟಿನೆದುರು ಕಾರಿನಲ್ಲಿ ಕೂತು ನಮ್ಮ ಮೇಲೆ ಕಣ್ಣಿಟ್ಟಿರುವವನು ಅವನು.

ಅವನ ಹೆಸರಿನ ಪಕ್ಕದ ಬಟನ್ ಮಾತ್ರ ಒತ್ತಬೇಡ. ಅಲ್ಲಿ ಎಲ್ಲರಿಗೂ ಕಾಣುವಂತೆ ನೀನು ಹಾಕಿರುವ ಮನೆಯ ಫೋಟೊ ತೆಗೆದುಹಾಕು, ಪಕ್ಕದ ಮನೆ ಟೀಚರ್ ಸಹಾಯ ಮಾಡುತ್ತಾರೆ. ಹಿತ್ತಿಲ ಬಾಗಿಲಿನ ಚಿಲಕ ಸಡಿಲ ಎನ್ನುತ್ತಿದ್ದೆಯಲ್ಲ, ಅದನ್ನು ಈ ವಾರವೇ ಸರಿ ಮಾಡಿಸು. ಸರಿಯಾಯಿತೆಂದು ಚಿಕ್ಕಪ್ಪನ ಕೈಯಲ್ಲೇ ಹೇಳಿಕಳಿಸು.

ಯಾರ ಫೋನಿನಲ್ಲಾದರೂ ನಮ್ಮ ನಂಬರ್ ಇದ್ದರೆ ಅವರ ಮುಖ ನಮಗೆ ಹೀಗೆ ಬರುತ್ತದಂತೆ. ನಿನ್ನ ನಂಬರನ್ನು ನಾನು ಇಲ್ಲಿ ಒಂದೇ ಕಡೆ ಬರೆದಿದ್ದೆ. ಸಂಘದವರು ಮಾತ್ರ ನೋಡುತ್ತಾರೆಂದುಕೊಂಡು ಇಂಟರ್‌ನೆಟ್ಟಿನಲ್ಲಿಟ್ಟಿದ್ದ ಪಟ್ಟಿಯಲ್ಲಿ, ನನ್ನ ಹೆಸರಿನ ಮುಂದೆ, 'ನನಗೇನಾದರೂ ಆದರೆ ತಿಳಿಸಬೇಕಾದವರು' ಎಂದಿದ್ದ ಕಡೆ.

ನಿನ್ನ
ಚಿಕ್ಕ ಮಗಳು