ಅಕ್ಕನ ಅಳತೆ

ಮಾರ್ಚ್ 4, ಬುಧವಾರ

ಅತ್ತಿಗೆಯ ಬೆನ್ನುನೋವು ಹೇಗಿದೆ? ಚಿಕ್ಕಪ್ಪನಿಗೆ ನಿದ್ದೆ ಬರುತ್ತಿದೆಯೇ? ಸೋದರಳಿಯನ ಕೆಮ್ಮು ನಿಂತಿತೇ? ತಂಗೀ, ನೀನು ಹೇಗಿದ್ದೀ—

ಇಷ್ಟು ಬರೆದ ಮೇಲೆ ನೆನಪಾಯಿತು, ಇದು ಡೈರಿ. ಪೆನ್ನು ಹಿಡಿದರೆ ಸಾಕು, ಕೈ ತಾನಾಗಿ ಕ್ಷೇಮಸಮಾಚಾರಕ್ಕೆ ಇಳಿಯುತ್ತದೆ. ನೆಂಟರಿಗೆಲ್ಲ ಕಾಗದ ಬರೆದು ಬರೆದು ಹತ್ತಿದ ಚಟ. ಹೊಡೆದು ಹಾಕುವುದಿಲ್ಲ. ಎಲ್ಲರೂ ಚೆನ್ನಾಗಿರಲಿ.

ಎಂದಿನಂತೆ ಟಿಫನ್ ಕ್ಯಾರಿಯರ್, ಬಸ್ಸು, ಆಸ್ಪತ್ರೆ. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು, ಆಪರೇಷನ್ ಆಗಿ, ಈಗ ವಾಕರ್ ಹಿಡಿದು ನಡೆಯುತ್ತಾಳೆ. ನಡೆಯುವುದು ಅಂದರೆ... ನೆಲವನ್ನು ಕೇಳಿ ಕೇಳಿ ಹೆಜ್ಜೆ ಇಡುವುದು. ಓಡುವ ಬಸ್ಸಿನಲ್ಲಿ ಏನೂ ಹಿಡಿಯದೆ ನಿಂತು ಟಿಕೆಟ್ ಹರಿದ ಕಂಡಕ್ಟರ್ ಇವಳು. ನೋಡಲಾಗುವುದಿಲ್ಲ.

ಹಿರಿಯರ ನೆರವು ಕಚೇರಿಯಿಂದ ಥೆರಪಿ ಮೇಡಂ ಬಂದಿದ್ದರು. ವಯಸ್ಸಾದವರು ತಮ್ಮ ಮನೆಯಲ್ಲೇ ಇರುವ ಹಾಗೆ ಮಾಡುವುದು ಇವರ ಕೆಲಸವಂತೆ. ಬಚ್ಚಲಿಗೆ ಕಂಬಿ, ಕೂತು ಸ್ನಾನ ಮಾಡಲು ಸೀಟು, ಜಾರದ ನೆಲ, ಎಲ್ಲ ಅವರೇ ಹಾಕಿಸುತ್ತಾರೆ.

"ಆಮೇಲೆ ಇವರನ್ನ ಒಂದು ಸಲ ಮನೆಗೆ ಕರ್ಕೊಂಡು ಹೋಗಿ ನೋಡ್ತೀವಿ. ಸರಿಹೋದ್ರೆ ಮನೆಗೆ."

"ಇಲ್ಲಾಂದ್ರೆ?" ಅಂದಳು ಅಕ್ಕ.

"ಬೇರೆ ವ್ಯವಸ್ಥೆ ನೋಡಬೇಕಾಗುತ್ತೆ."

ತಂಗಿ ಆ ಬೇರೆ ವ್ಯವಸ್ಥೆಯನ್ನು ಆಗಲೇ ನೋಡಿದ್ದಾಳೆ. ಊರಾಚೆಯ ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಮಾತಾಡಿಟ್ಟಿದ್ದಾಳೆ.

ಮೇಡಂ ಹೋದ ಮೇಲೆ ಅಕ್ಕ ನನ್ನನ್ನು ಹತ್ತಿರ ಕರೆದಳು. ದರ್ಜಿ ಅಂತ ನನಗೆ ಅವಳಿಟ್ಟ ಹೆಸರು ಸೂಜಿ. "ನೋಡೋ ಸೂಜಿ. ಅಡುಗೆ ನೀನು ಮಾಡು, ಬಟ್ಟೆ ನೀನು ಒಗೆ, ಬೇಡ ಅನ್ನಲ್ಲ. ಸ್ನಾನ ಮಾತ್ರ ನಾನೇ ಮಾಡ್ಕೋಬೇಕು. ಅದೂ ಆಗಲ್ಲ ಅಂದ್ರೆ ನಾನೇ ಆಶ್ರಮಕ್ಕೆ ಹೋಗ್ತೀನಿ."

"ಅಲ್ಲೂ ಯಾರೋ ತೊಳೀತಾರಲ್ಲಕ್ಕ."

"ಅಲ್ಲಿ ಯಾರೋ ಯಾರನ್ನೋ ತೊಳೀತಾರೆ. ಮನೇಲಿ ಹಾಗಲ್ಲ."

ಕ್ಯಾರಿಯರ್ ತೊಳೆದುಕೊಂಡು ಬಂದೆ.

ಮಾರ್ಚ್ 5, ಗುರುವಾರ

ಕಂಬಿ, ಸೀಟು ಎಷ್ಟು ಎತ್ತರಕ್ಕೆ ಬೇಕು ಅಂತ ಮೇಡಂಗೆ ಅಕ್ಕನ ಅಳತೆ ಬೇಕಿತ್ತು. ನಿಂತಾಗ ನೆಲದಿಂದ ಮಣಿಕಟ್ಟಿಗೆ, ಕೂತಾಗ ನೆಲದಿಂದ ಮಂಡಿಯ ಹಿಂಬದಿಗೆ. "ನಾಳೆ ಬಂದು ತಗೋತೀನಿ" ಅಂತ ಫೋನ್ ಮಾಡಿದರು. ನಾನು ಬಿಡುತ್ತೇನೆಯೇ? ಅಳತೆ ಅಂದರೆ ನನ್ನ ಕಸುಬು. ಊರಿನ ಅರ್ಧ ಜನರ ಸೊಂಟ ಈ ಟೇಪಿಗೆ ಗೊತ್ತು.

"ನೀವು ಯಾಕೆ ಮೇಡಂ, ನಾನೇ ಕೊಡ್ತೀನಿ."

ಟೇಪು ಕಂಡದ್ದೇ ಅಕ್ಕ ವಾಕರ್ ಬಿಟ್ಟು ಸೆಟೆದು ನಿಂತಳು. ಪಕ್ಕದ ಹಾಸಿಗೆಯ ಅಮ್ಮ, "ಏನು, ಮದುವೆಗೆ ರವಿಕೆಯಾ?" ಅಂದರು. "ಹೌದು, ಗಂಡು ಸಿಕ್ಕಿಲ್ಲ, ರವಿಕೆ ರೆಡಿ" ಅಂತ ಅಕ್ಕ. ವಾರ್ಡೆಲ್ಲ ನಕ್ಕಿತು. ನಕ್ಕೂ ನಕ್ಕೂ ಅಳತೆ ತೆಗೆದು ಫೋನಿನಲ್ಲಿ ಹೇಳಿದೆ. ಬಹಳ ದಿನದ ಮೇಲೆ ಕೈಗೆ ಕೆಲಸ ಸಿಕ್ಕ ಖುಷಿ.

ಮಾರ್ಚ್ 12, ಗುರುವಾರ

ಬೆಳಿಗ್ಗೆಯಿಂದ ಮನೆ ತುಂಬ ಡ್ರಿಲ್ಲಿನ ಸದ್ದು. ಕಚೇರಿಯ ಫಿಟ್ಟರ್ ಆನೆಯಂಥ ಆಳು. ಬಚ್ಚಲಿಗೆ ಅವನು ನುಗ್ಗಿದರೆ ಬೆಳಕು ನಿಲ್ಲುತ್ತದೆ. ಬಚ್ಚಲ ಕಟ್ಟೆ ಒಡೆದು ನೆಲ ಸಮ ಮಾಡಿದ. ಗೋಡೆಗೆ ಕಂಬಿ, ಮಡಚುವ ಸೀಟು. ಕಂಬಿ ಬಿಗಿದಾದ ಮೇಲೆ ಎರಡೂ ಕಾಲೆತ್ತಿ ತಾನೇ ಜೋತುಬಿದ್ದ. ನಾನು ಕೂಗಿಕೊಂಡೆ.

"ಗೋಡೆ ಬಂದೀತಪ್ಪಾ!"

"ನಾನು ಜೋತುಬಿದ್ರೂ ಬರಲಿಲ್ಲ ಅಂದ್ರೆ ಅಜ್ಜಿಗೆ ಬರುತ್ತಾ ಯಜಮಾನ್ರೇ?"

ಅವನು ಹೋದ ಮೇಲೆ ಕಂಬಿ ಹಿಡಿದು ನೋಡಿದೆ. ತಣ್ಣಗೆ, ಗಟ್ಟಿಯಾಗಿ. ಎಷ್ಟು ಎಳೆದರೂ ಅಲ್ಲೇ. ಮನುಷ್ಯರು ಕೂಡ ಇಷ್ಟು ನಂಬಿಕೆಗೆ ಸಿಗುವುದಿಲ್ಲ. ಸುಮ್ಮನೆ ಸುಮಾರು ಹೊತ್ತು ಹಿಡಿದುಕೊಂಡೇ ನಿಂತಿದ್ದೆ.

ಮಾರ್ಚ್ 16, ಸೋಮವಾರ

ಕೆಟ್ಟಿತು.

ಅಕ್ಕನನ್ನು ವ್ಯಾನಿನಲ್ಲಿ ಕರೆತಂದರು. ಮೇಡಂ ಜೊತೆಗೆ. ತಂಗಿಯೂ ಬಂದು ಬಾಗಿಲಲ್ಲಿ ಕೈಕಟ್ಟಿ ನಿಂತಳು. ಅಕ್ಕ ಮನೆ ಹೊಕ್ಕಾಗ ಮುಖ ನೋಡಬೇಕಿತ್ತು. ಮುಂದಿನ ಕೋಣೆಯ ನನ್ನ ಮಷಿನ್ನು ಮುಟ್ಟಿದಳು, ಹಿಂದಿನ ಕೋಣೆಯ ತನ್ನ ಮಂಚ ಮುಟ್ಟಿದಳು. ಆಮೇಲೆ ಬಚ್ಚಲು.

ಸೀಟಿನ ಮೇಲೆ ಕೂತಳು. ಕಾಲು ನೆಲಕ್ಕೆ ತಾಗಲಿಲ್ಲ.

ಬೆರಳ ತುದಿ ಮಾತ್ರ ತಾಗುತ್ತಿತ್ತು. ಕಂಬಿಗೆ ಕೈ ಚಾಚಿದರೆ ಭುಜ ಕಿವಿಯ ಹತ್ತಿರ ಬಂತು. "ತೊಟ್ಟಿಲಲ್ಲಿ ಕೂರಿಸಿದೀಯೇನೋ" ಅಂತ ನಗುತ್ತಲೇ ಏಳಹೋದಳು. ಜಾರಿದಳು. ಮೇಡಂ ಹಿಡಿದದ್ದಕ್ಕೆ ಉಳಿದಳು. ಅಕ್ಕನ ನಗು ಅಲ್ಲೇ ನಿಂತಿತು. ತುಟಿ ಬೆಳ್ಳಗೆ.

"ಇವತ್ತು ನಾನು ಒಪ್ಪಿಗೆ ಕೊಡೋಕಾಗಲ್ಲ" ಅಂದರು ಮೇಡಂ.

"ನಾನು ಹೇಳಿದ್ದೆ ತಾನೆ" ಅಂದಳು ತಂಗಿ. ಜೋರಾಗಿಯೇನೂ ಅಲ್ಲ. ಜೋರಾಗಿ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮಾರ್ಚ್ 17, ಮಂಗಳವಾರ

ಟೇಪು ಹಿಡಿದು ಸೀಟು ಅಳೆದೆ. ನಾನು ಹೇಳಿದ ಅಳತೆಗೇ ಇದೆ. ಫಿಟ್ಟರ್ ತಪ್ಪು ಅಲ್ಲ.

ಹೊಳೆಯಿತು. ಕಂಬಿಯದು ಅಕ್ಕ ಗಿರಾಕಿಯ ಹಾಗೆ ಸೆಟೆದು ನಿಂತಾಗ ತೆಗೆದ ಅಳತೆ. ಅದರ ಮೇಲೆ, ಒಗೆದರೆ ಬಟ್ಟೆ ಕುಗ್ಗೀತು ಅಂತ ಬಿಡುವ ಹಾಗೆ, ಎರಡಕ್ಕೂ ಒಂದೆರಡು ಬೆರಳು ಲೂಸು ಸೇರಿಸಿ ಹೇಳಿದ್ದೇನೆ. ಗೊತ್ತಿದ್ದು ಸೇರಿಸಿದ್ದಲ್ಲ. ಕೈ ಸೇರಿಸಿತು. ಕಬ್ಬಿಣಕ್ಕೆ ಲೂಸು ಬಿಟ್ಟ ದರ್ಜಿ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಕ್ಕರು. ನಕ್ಕು, "ನಾನೇ ಬಂದು ನೋಡಬೇಕಿತ್ತು. ಗುರುವಾರ ಇನ್ನೊಂದು ಸಲ ಕರ್ಕೊಂಡು ಬರ್ತೀನಿ. ಟೇಪು ಒಳಗಿಡಿ. ಗುರುತು ಹಾಕೋ ಸೀಮೆಸುಣ್ಣ ಇದ್ರೆ ತೆಗೆದಿಡಿ" ಅಂದರು.

ತಂಗಿಗೂ ಫೋನ್ ಮಾಡಿದೆ. "ಅಣ್ಣಾ, ಇನ್ನೊಂದು ಸಲ ಅವಳು ಬಿದ್ರೆ ಏಳಲ್ಲ. ನಿನಗೆ ಹಟ, ನನಗೆ ಹೆದರಿಕೆ. ಗುರುವಾರ ಆಗಲಿಲ್ಲ ಅಂದ್ರೆ ಶುಕ್ರವಾರ ಆಶ್ರಮಕ್ಕೆ. ಸರೀನಾ?"

ಸರಿ ಅಂದೆ. ಇನ್ನೇನು ಅನ್ನಲಿ.

ಮಾರ್ಚ್ 19, ಗುರುವಾರ

ಇವತ್ತಿನದನ್ನು ಹೇಗೆ ಬರೆಯುವುದೋ ತಿಳಿಯದು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೇಡಂ ಬಂದವರೇ ಅಕ್ಕನನ್ನು ಬಚ್ಚಲಿಗೆ ಕರೆದುಕೊಂಡು ಹೋಗಲಿಲ್ಲ. ಮನೆಯೊಳಗೆ ಓಡಾಡಿಸಿದರು. ಮಾತಾಡಿಸುತ್ತಾ, ಮುಂದಿನ ಕೋಣೆ, ಹಿಂದಿನ ಕೋಣೆ, ಮತ್ತೆ ಮುಂದಿನ ಕೋಣೆ. ಅಕ್ಕನ ಬೆನ್ನು ಬಾಗಿತು, ಉಸಿರು ಜೋರಾಯಿತು.

"ಸುಸ್ತಾಯ್ತಾ ಅಮ್ಮಾ?"

"ಆಗದೆ! ಬೇಕಂತಲೇ ಸುಸ್ತು ಮಾಡಿಸ್ತಾ ಇದೀಯಲ್ಲ ತಾಯಿ!"

"ಹೌದಮ್ಮಾ. ಸುಸ್ತಾದಾಗಲೇ ತಾನೆ ಹಿಡ್ಕೊಳ್ಳೋಕೆ ಬೇಕಾಗೋದು."

ನನ್ನ ನೀಲಿ ಸೀಮೆಸುಣ್ಣ ಪುಡಿ ಮಾಡಿ ಅಕ್ಕನ ಎರಡೂ ಅಂಗೈಗೆ ಬಳಿದರು. "ಈಗ ಸ್ನಾನಕ್ಕೆ ಹೋಗೋ ಹಾಗೆ ಹೋಗಿ. ಕಂಬಿ ಇಲ್ಲ ಅನ್ಕೊಳ್ಳಿ. ಎಲ್ಲಿ ಕೈ ಹೋಗುತ್ತೋ ಹೋಗಲಿ." ಮೇಡಂ ಹಿಂದೆಯೇ, ಮೈಗೆ ತಾಗದ ಹಾಗೆ, ಕೈ ಚಾಚಿಕೊಂಡು. ಬಟ್ಟೆ ಉಟ್ಟೇ ಒಂದು ಸುಳ್ಳು ಸ್ನಾನ.

ಅಕ್ಕ ಹೊರಗೆ ಬಂದ ಮೇಲೆ ನಾವು ಒಳಗೆ ಇಣುಕಿದೆವು. ನಾನು, ಬೆಳಿಗ್ಗೆಯೇ ಬಂದಿದ್ದ ತಂಗಿ, ಮೇಡಂ ಜೊತೆ ಬಂದಿದ್ದ ಫಿಟ್ಟರ್.

ಗೋಡೆಯ ಮೇಲೆ ಅಕ್ಕನ ಕೈಗಳು.

ಬಾಗಿಲ ಚೌಕಟ್ಟಿನಲ್ಲಿ ಒಂದು. ನಲ್ಲಿಯ ಪಕ್ಕ ಅರ್ಧ ಅಂಗೈ. ಸೀಟಿನ ಬಲಕ್ಕೆ ಐದೂ ಬೆರಳು ಸ್ಪಷ್ಟವಾಗಿ. ನೀಲಿ. ನಾನು ಹಾಕಿಸಿದ ಕಂಬಿಗಿಂತ ಎಷ್ಟೋ ಕೆಳಗೆ, ಮೊಳಕಾಲಿಗಿಂತ ಸ್ವಲ್ಪವೇ ಮೇಲೆ. ನನ್ನ ಕಣ್ಣಲ್ಲಿ ಅಕ್ಕ ಇನ್ನೂ ಬಸ್ಸಿನ ಮೆಟ್ಟಿಲ ಮೇಲೆ ನಿಂತ ಎತ್ತರದ ಹೆಂಗಸು. ಗೋಡೆ ಸುಳ್ಳು ಹೇಳಲಿಲ್ಲ. ಇಷ್ಟೇ ಈಗ ಅವಳು. ಇಷ್ಟಾಗಿಯೂ ಇಷ್ಟೆಲ್ಲ ಕಡೆ ಕೈ ಚಾಚಿದ್ದಾಳೆ.

ಬೆರಗು ಅದಲ್ಲ. ಚೌಕಟ್ಟಿನ ಮೇಲಿನ ನೀಲಿ ಗುರುತು ಬಿದ್ದ ಜಾಗದಲ್ಲಿ ಬಣ್ಣ ಮೊದಲೇ ಸವೆದಿತ್ತು. ಮರ ಕಂದಾಗಿ, ನುಣ್ಣಗೆ. ದಿನಾ ನೋಡುವ ಬಾಗಿಲು. ಎಷ್ಟು ವರ್ಷದಿಂದ ಅವಳು ಅಲ್ಲಿ ಹಿಡಿದುಕೊಂಡು ದಾಟುತ್ತಿದ್ದಳೋ. ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿಲ್ಲ. ಬಾಗಿಲಿಗೆ ಗೊತ್ತು.

ತಂಗಿ ಆ ಐದು ಬೆರಳಿನ ಗುರುತಿನ ಮೇಲೆ ತನ್ನ ಕೈ ಇಡಹೋಗಿ, ಮುಟ್ಟದೆ ಹಿಂತೆಗೆದಳು. "ಅಳಿಸಿಹೋದೀತು" ಅಂದಳು. ಅಷ್ಟೇ.

"ಇಲ್ಲೇ ಹಾಕ್ತೀನಿ, ಬೆರಳಿನ ಮೇಲೇ" ಅಂದ ಫಿಟ್ಟರ್. ಇವತ್ತು ಅವನೂ ಜೋತುಬೀಳುವ ಜೋಕು ಮಾಡಲಿಲ್ಲ. ಮಧ್ಯಾಹ್ನದೊಳಗೆ ಹೊಸ ಕಂಬಿ, ಸೀಟು ಕೆಳಕ್ಕೆ.

ಕೂತಳು. ಎರಡೂ ಪಾದ ನೆಲಕ್ಕೆ ಊರಿದವು. ಮೇಡಂ ಏಳುವುದು ಹೇಳಿಕೊಟ್ಟರು. ಮೊದಲು ಕಾಲು ಹಿಂದಕ್ಕೆ. ಆಮೇಲೆ ಮುಂದೆ ಬಾಗಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಆಗ ಮೈ ತಾನಾಗಿ ಮೇಲೇಳುತ್ತದೆ.

ಎದ್ದಳು. ಅಕ್ಕ ಎದ್ದಳು. ಯಾರೂ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಕುರ್ಚಿಯಲ್ಲಿ ಕೂತು ನಾನೂ ಎದ್ದು ನೋಡಿದೆ. ನಿಜ! ಮೂಗು ಮುಂದೆ ಹೋಗದೆ ಏಳಲಾಗುವುದಿಲ್ಲ. ಹುಟ್ಟಿದಾಗಿನಿಂದ ಎದ್ದಿದ್ದೇನೆ, ಕೂತಿದ್ದೇನೆ. ಇಷ್ಟು ದೊಡ್ಡ ಕೆಲಸ ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಮಾರ್ಚ್ 23, ಸೋಮವಾರ

ಅಕ್ಕ ಮನೆಯಲ್ಲಿ. ತನ್ನ ಮಂಚದಲ್ಲಿ. ಗೊರಕೆ ನನ್ನ ಕೋಣೆಗೂ ಕೇಳುತ್ತಿದೆ. ಎಂಥಾ ಗೊರಕೆ!

ಇನ್ನೊಂದು ವಾರ ಮೇಡಂ ಕಳಿಸುವ ನರ್ಸಮ್ಮ ಸ್ನಾನದ ಹೊತ್ತಿಗೆ ಬಂದು ಒಳಗೆ ಪಕ್ಕದಲ್ಲೇ ನಿಲ್ಲುತ್ತಾರೆ. ಮುಟ್ಟುವುದಿಲ್ಲ, ನಿಲ್ಲುತ್ತಾರೆ ಅಷ್ಟೇ. ಆಮೇಲೆ ಅಕ್ಕ ಒಬ್ಬಳೇ. ತಂಗಿ ಆಶ್ರಮದ ಹಾಸಿಗೆ ಇನ್ನೂ ಬಿಟ್ಟಿಲ್ಲ. "ಒಬ್ಬಳೇ ಮಾಡ್ಕೊಂಡ ಮೇಲೆ ಬಿಡ್ತೀನಿ" ಅಂದಿದ್ದಾಳೆ. ತಪ್ಪು ಅನ್ನಲಾರೆ.

ಕಚೇರಿಯಿಂದ ದಿನಾ ಬೆಳಿಗ್ಗೆ ಫೋನು. "ಅಜ್ಜೀ, ಎದ್ದಿದೀರಾ?" "ಇಲ್ಲಮ್ಮಾ, ನಿದ್ದೇಲೇ ಮಾತಾಡ್ತಿದೀನಿ" ಅಂತಾಳೆ. ಆ ಕಡೆಯ ಹುಡುಗಿ ಕಿಲಕಿಲ ನಗುತ್ತಾಳೆ. ಮುಖ ನೋಡದ ಒಬ್ಬಳು, ಊರಿನ ಇನ್ನೊಂದು ಮೂಲೆಯಲ್ಲಿ ಕೂತು, ನನ್ನ ಅಕ್ಕ ಎದ್ದಳೋ ಇಲ್ಲವೋ ಅಂತ ಕಾಯುತ್ತಾಳಲ್ಲ. ಇಂಥದ್ದೂ ಇದೆ.

ಮಾರ್ಚ್ 31, ಮಂಗಳವಾರ, ಬೆಳಿಗ್ಗೆ

ಇವತ್ತು ಒಬ್ಬಳೇ.

ಬಾಗಿಲ ಹತ್ತಿರ ನಿಂತಿದ್ದೆ. ಒಳಗಿಂದ, "ಲೇ ಸೂಜಿ, ನಿನ್ನ ಉಸಿರು ಕೇಳ್ತಾ ಇದೆ. ದೂರ ಹೋಗು. ಏನಾದ್ರೂ ಬರ್ಕೋ ಹೋಗು." ಹಾಗಾಗಿ ಬರೆಯುತ್ತಿದ್ದೇನೆ. ಅಕ್ಷರ ಎಲ್ಲೆಲ್ಲೋ ಹೋಗುತ್ತಿದೆ.

ಕರೆಯದೆ ಹೋಗಬಾರದು ಅಂತ ಮೇಡಂ ಹೇಳಿದ್ದಾರೆ. ಕೈ ಕಟ್ಟಿ ಕೂರುವುದೇ ನಿಮ್ಮ ಕೆಲಸ ಅಂದಿದ್ದಾರೆ. ಇದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ ನಾನು.

ನಲ್ಲಿ ಬಿಟ್ಟಳು. ಬಕೆಟ್ಟಿಗೆ ನೀರು. ಈಗ ತಂಬಿಗೆ. ಒಂದು... ಇನ್ನೊಂದು... ಸೋಪು ಇರಬೇಕು, ಸದ್ದಿಲ್ಲ. ಮತ್ತೆ ನೀರು.

ನಿಂತಿತು.

ಏನೂ ಕೇಳುತ್ತಿಲ್ಲ. ಕಾಲು ಹಿಂದಕ್ಕೆ ಅಕ್ಕಾ. ಬಾಗು. ಮೂಗು ಮುಂದೆ. ಇಲ್ಲಿ ಕುರ್ಚಿಯಲ್ಲಿ ನಾನೇ ಬಾಗುತ್ತಿದ್ದೇನೆ.

ಕಂಬಿಗೆ ಬಳೆ ತಾಗಿದ ಸದ್ದು.

ಬಂದಳು. ಒದ್ದೆ ಕೂದಲು, ಸೀರೆ ಅಡ್ಡಾದಿಡ್ಡಿ, ಮುಖ ಮಾತ್ರ... ಇಂಥ ಮುಖ ನಾನು ಕಂಡಿಲ್ಲ. ತೊಳೆದಿಟ್ಟ ಬೆಳಗಿನ ಹಾಗೆ. ಮಂಚದ ಮೇಲೆ ಕೂತು ಉಸಿರು ಬಿಟ್ಟಳು.

"ಹೇಗಿತ್ತಕ್ಕ?"

"ನೀರು ಬಿಸಿ ಸಾಲದು." ಆಮೇಲೆ, "ಪೆನ್ನು ಹಿಡಿದಿದೀಯಲ್ಲ, ತಂಗಿಗೆ ನಾಲ್ಕು ಸಾಲು ಬರಿ. ಫೋನ್ ಬೇಡ, ಅತ್ತುಬಿಡ್ತಾಳೆ. ಅಕ್ಕ ಸ್ನಾನ ಮಾಡಿದಳು ಅಂತ ಬರಿ. ಆ ಹಾಸಿಗೆ ಯಾರಿಗಾದ್ರೂ ಬೇಕಾಗಿರುತ್ತೆ, ಬಿಟ್ಟುಕೊಡು ಅಂತ ಬರಿ. ನೋಡೋಕೆ ಬಾ, ಕರ್ಕೊಂಡು ಹೋಗೋಕಲ್ಲ. ಬೇಗ ಉತ್ತರ ಹಾಕು ಅಂತ ಬರಿ. ಬರೆದೆಯಾ? ಇನ್ನೂ ಡೈರೀಲೇ ಇದೀಯಾ? ಕಾಗದ ತಗೋ."