ಮಗಳ ರಾಜೀನಾಮೆಗೆ ಸಹಿ ಹಾಕಬೇಡಿ

ವೈದ್ಯಕೀಯ ಕಾಲೇಜಿನ ಸರ್ಜರಿ ವಿಭಾಗದ ಮುಖ್ಯಸ್ಥರೇ,

ಸರ್ಜರಿ ಓದು ಬಿಡುತ್ತೇನೆಂದು ನನ್ನ ಮಗಳು ಗಂಗಾ ಬರೆದ ಪತ್ರ ನಿಮ್ಮ ಮೇಜಿನ ಮೇಲಿದೆ. ಅದರಲ್ಲಿ ‘ವೈಯಕ್ತಿಕ ಕಾರಣ’ ಎಂದಿದೆಯಂತೆ. ಅದು ಸುಳ್ಳು. ಕಾರಣ ನೀವು. ಸ್ವಲ್ಪ ನಾನೂ.

ನಾನು ಏಳನೇ ಇಯತ್ತೆ ಓದಿದವಳು. ದಿನಕ್ಕೆ ನಾಲ್ಕು ಸಾಲು ಡೈರಿ ಬಿಟ್ಟರೆ ಬರೆದು ರೂಢಿಯಿಲ್ಲ. ಹತ್ತೊಂಬತ್ತು ವರ್ಷದಿಂದ ಹಲಗೇರಿ ಸುತ್ತಿನ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತೇನೆ. ಟೊಮ್ಯಾಟೊ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಕೇಸರವನ್ನಷ್ಟೇ ಕಿತ್ತು, ಮರುದಿನ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಚಿಮಟ ಕೂದಲೆಳೆಯಷ್ಟು ಜಾರಿದರೂ ಹೂ ಉದುರುತ್ತದೆ. ಇದಕ್ಕೆ ಮೇಸ್ತ್ರಿ ಗಂಡಸರನ್ನು ಕರೆಯುವುದೇ ಇಲ್ಲ. “ಗಂಡಸರ ಕೈ ಒರಟ, ಹೆಣ್ಮಕ್ಕಳನ್ನ ಕಳಸ್ರಿ” ಎನ್ನುತ್ತಾನೆ. ಹೂವಿಗೆ ಆಗುವ ಕೈ ಹೊಟ್ಟೆಯ ಆಪರೇಷನ್ನಿಗೆ ಯಾಕೆ ಆಗುವುದಿಲ್ಲ, ಸಾಹೇಬರೇ? ಗಂಗಾ ಶಾಲೆಯ ರಜೆಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕುಳಿತು ಕಲಿತಳು. ನನಗಿಂತ ಕಡಿಮೆ ಹೂ ಉದುರಿಸುತ್ತಿದ್ದಳು. ಡಾಕ್ಟರ್ ಓದಿಗೆ ಹೋಗುವಾಗ ನನ್ನ ಹಳೆಯ ಚಿಮಟ ಒಯ್ದಳು.

ಸರ್ಜರಿಗೆ ಸೇರಿದ ದಿನವೇ ನೀವು, “ಎಂಟು ಗಂಟೆ ನಿಲ್ಲೋ ಕೆಲಸ ಇದು. ಚರ್ಮದ ವಿಭಾಗ ತಗೋಬೇಕಿತ್ತಮ್ಮ, ಮದುವೆಗೂ ಅನುಕೂಲ” ಎಂದಿರಿ. ಎಂತಹ ಕಾಳಜಿ! ಒಂದೂವರೆ ವರ್ಷ ಜೊತೆಗೆ ಓದುವ ಹುಡುಗರು ಆಪರೇಷನ್ ಮಾಡಿದರು, ಇವಳು ಕೊನೆಯ ಹೊಲಿಗೆ ಹಾಕಿದಳು. ನೆರೆಮನೆಯ ಜಯವ್ವ ನಕ್ಕಳು: “ಹೊಲಿಗಿ ಕಲಿಯಾಕ ಅಷ್ಟು ದೂರ ಯಾಕ ಕಳಿಸಿದೆಬೇ? ನಮ್ಮ ಓಣ್ಯಾಗ ಟೇಲರ್ ಇರಲಿಲ್ಲೇನು?”

ಕಡೆಗೊಂದು ಸೋಮವಾರದ ಪಟ್ಟಿಯಲ್ಲಿ ಅವಳ ಹೆಸರು ಬಂತು. ಹರ್ನಿಯಾ ಆಪರೇಷನ್, ಮೊದಲಿನಿಂದ ಕೊನೆಯವರೆಗೆ ಅವಳದೇ. ಅದರ ಹಿಂದಿನ ಶುಕ್ರವಾರ ಅವರಪ್ಪ ಹೊಲದಲ್ಲಿ ಎದೆ ಹಿಡಿದು ಕುಳಿತವರು ಏಳಲಿಲ್ಲ. ಶನಿವಾರ ಮಣ್ಣು ಕೊಟ್ಟೆವು. ಭಾನುವಾರವೇ ಗಂಗಾ ಬ್ಯಾಗು ಹೆಗಲಿಗೇರಿಸಿದಳು. ನಾನೇ ತಡೆದೆ. “ಮಂಗಳವಾರ ಹಾಲು-ತುಪ್ಪ ಮುಗಿಸಿ ಹೋಗವ್ವ. ನಿಮ್ಮ ಸಾಹೇಬ್ರೂ ಒಬ್ಬ ತಂದೀ ಮಗಾ ಅಲ್ಲೇನು? ತಿಳ್ಕೋತಾರ.” ಹಾಗೆಂದದ್ದನ್ನು ಅಂದೇ ಡೈರಿಯಲ್ಲಿ ಬರೆದಿದ್ದೇನೆ. ಈಗ ಆ ಪುಟ ತೆರೆಯಲಾಗುತ್ತಿಲ್ಲ.

ನೀವು ತಿಳಿದುಕೊಳ್ಳಲಿಲ್ಲ. ಸೋಮವಾರ ಕಳೆದು ಬಂದ ಅವಳಿಗೆ, “ಮನೆ ಕಡೆ ಮನಸ್ಸಿರೋರ ಕೈಗೆ ಕತ್ತಿ ಕೊಡಕ್ಕಾಗಲ್ಲ. ಅದಕ್ಕೇ ಹೆಣ್ಮಕ್ಕಳು ಬೇಡ ಅನ್ನೋದು” ಎಂದಿರಿ. ಅದೇ ತಿಂಗಳು ತನ್ನ ಮದುವೆಗೆಂದು ಹತ್ತು ದಿನ ಹೋದ ಹುಡುಗನ ಮನಸ್ಸು ಎಲ್ಲಿತ್ತು? ಅವನು ತಂದ ಪೇಡೆ ತಿಂದು, ಅವನ ಕೈಗೆ ಕತ್ತಿ ಕೊಟ್ಟಿರಿ. ಗಂಗಾಳ ಹೆಸರು ಪಟ್ಟಿಗೆ ಮತ್ತೆ ಬರಲೇ ಇಲ್ಲ.

ಮೊನ್ನೆ ಅವಳು ಊರಿಗೆ ಬಂದು ಚಿಮಟವನ್ನು ಗೋಡೆಯ ಗೂಟಕ್ಕೆ ನೇತುಹಾಕಿದಳು. “ಇದು ನಿಂದ ಐತಿ. ನೀನ ಇಟ್ಕೋ ಅವ್ವಾ.” ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ.

ಆ ಪತ್ರಕ್ಕೆ ಸಹಿ ಹಾಕಬೇಡಿ. ಬರುವ ಸೋಮವಾರದ ಪಟ್ಟಿಯಲ್ಲಿ ಅವಳ ಹೆಸರು ಬರೆಯಿರಿ. ಪಕ್ಕದಲ್ಲಿ ನಿಂತು ಅವಳ ಕೈಯನ್ನಷ್ಟೇ ನೋಡಿ. ನಾನು ಈಗ ಬೇರೆ ಚಿಮಟ ಹಿಡಿದು ಹೊಲಕ್ಕೆ ಹೋಗುತ್ತೇನೆ. ಗೂಟದ್ದನ್ನು ಮುಟ್ಟಿಲ್ಲ. ಅದು ಅವಳದು.

ಇಂತಿ,
ಮಗಳನ್ನು ಎರಡು ದಿನ ಹೆಚ್ಚು ಉಳಿಸಿಕೊಂಡ ತಪ್ಪು ಮಾಡಿದ
ಉಚ್ಚಂಗೆವ್ವ, ಹಲಗೇರಿ